ಅಪ್ಪನ ಮನಿ ಗ್ವಾಡಿಗಿ ಬಡದ ಇಂಜಿನ್

ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ದೋಣಿ ಇಂಜಿನ್ ರಿಪೇರಿಗೆ ಕುಂತವನು ನಗೆಪಾಟಲಾಗಲು ಬೇರೇನೂ ಮಾಡಬೇಕಿಲ್ಲ. ಮುಂಜಾನೆ ಶಟರ್ ಎತ್ತಿದರೆ ಸಾಕು. ನಾನು ಆರನೆಯ ಇಯತ್ತೆಗೇ ಸಾಲಿ ಬಿಟ್ಟು ಲಾರಿ ಏರಿದವ. ಊರೂರು ತಿರುಗಿ, ಕೊಂಕಣದ ದಂಡೆಯಲ್ಲಿ ಈ ಕೆಲಸ ಕಲಿತು, ಕಾಲು ಮತ್ತೆ ತುರಿಸುವ ತನಕ ಇರೋಣ ಅಂತ ಬೀದರಿಗೆ ಬಂದೆ. ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯುವ ಕೆಲವರ ಹತ್ತಿರ ಇಂಜಿನ್ ಇವೆ ಅನ್ನುವುದೊಂದೇ ಧೈರ್ಯ. ಇಲ್ಲಿ ಬರೆದದ್ದೆಲ್ಲ ಅಂಥ ಒಂದೇ ಒಂದು ಇಂಜಿನ್ನಿನ ಕಥೆ.

ಬೋರ್ಡು

ಮೈಲೂರಿನಲ್ಲಿ ಅಂಗಡಿ ಹಿಡಿದು ‘ದೋಣಿ ಇಂಜಿನ್ ರಿಪೇರಿ’ ಅಂತ ಬೋರ್ಡು ಹಾಕಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯ ಚಾಚಾ ಕನ್ನಡಕ ಏರಿಸಿ ಓದಿದರು.

“ಕಾಯ್ಕು ಮಿಯಾ, ಯಾಕ ಬೇಕಿತ್ತು ಇದು? ಇಲ್ಲಿ ಯಾರ ಮನ್ಯಾಗ ದೋಣಿ ಅದ?”

“ಬರ್ತಾರ ಚಾಚಾ, ಗಿರಾಕಿ ಬರ್ತಾರ.”

ತಿಂಗಳು ಕಳೆಯಿತು. ಮಿಕ್ಸಿ ಬಂದವು, ಕೂಲರ್ ಬಂದವು, ದೋಣಿಯದು ಮಾತ್ರ ಒಂದೂ ಬರಲಿಲ್ಲ. ಒಂದಿನ ಚಾಚಾ ಮೋಡ ನೋಡುತ್ತ ನಿಂತು, ನನ್ನ ಹೆಗಲ ಮೇಲೆ ಕೈ ಇಟ್ಟರು.

“ಜೋರು ಮಳಿ ಬರ್ಲಿ ಅಂತ ನಿನ್ನ ಸಲವಾಗಿ ದುವಾ ಮಾಡ್ಲತ್ತಿದ್ದೆ. ಆಮ್ಯಾಲ ನೆನಪಾಯ್ತು, ನಿನ್ನ ಧಂದಾ ನಡೀಬೇಕಂದ್ರ ಮೊದಲ ನನ್ನ ಅಂಗಡಿ ಮುಳಗಬೇಕು!”

ಕೌದಿಯಲ್ಲಿ ಬಂದದ್ದು

ಕೊನೆಗೂ ಭಾಲ್ಕಿ ಕಡೆಯಿಂದ ಒಂದು ಆಟೋ ಬಂತು. ಒಳಗೆ ಗಂಡ, ಹೆಂಡತಿ, ಇಬ್ಬರ ತೊಡೆಯ ಮೇಲೆ ಕೌದಿ ಸುತ್ತಿದ್ದು ಏನೋ. ಚಾಚಾ ದೂರದಿಂದಲೇ, “ದವಾಖಾನಿ ಆ ಕಡಿ ಅದರಿ!” ಅಂತ ಕೂಗಿದರು. ಕೌದಿ ಬಿಚ್ಚಿದರೆ ಇಂಜಿನ್. ನೀರಿನಲ್ಲಿ ಮುಳುಗಿರುವ ಗೇರ್ ಡಬ್ಬಿಯ ಅಡಿಗೆ ಮೀನಿನ ರೆಕ್ಕೆಯಂಥದೊಂದು ಇರುತ್ತದೆ. ಅದರ ತುದಿ ಮುರಿದಿತ್ತು.

“ಹ್ಯಾಂಗ ಆಯ್ತು ಕಾಕಾ?”

“ಈಕೀಗಿ ಕೇಳ್ರಿ ಮಿಸ್ತ್ರಿ. ಹ್ಯಾಂಡಲ್ ಈಕಿ ಕೈಯಾಗಿತ್ತು. ತನ್ನ ಅಪ್ಪನ ಮನಿ ಗ್ವಾಡಿಗೇ ಬಡದಾಳ.”

ಅವರ ಹಳೆಯ ಊರು ಜಲಾಶಯದ ತಳದಲ್ಲಿದೆ. ಬೇಸಿಗೆಗೆ ನೀರಿಳಿದರೆ ಗೋಡೆಗಳು ಮೇಲಕ್ಕೆ ಬರುತ್ತವೆ. ಆ ಮಂದಿ ಈಗಲೂ ಹಳೆಯ ಓಣಿಗಳ ನೆನಪಿನ ಮೇಲೇ ದೋಣಿ ನಡೆಸುತ್ತಾರೆ. ಒಬ್ಬರ ಮನೆಯ ಮೇಲೆ ಹಾಯುವುದಿಲ್ಲ. ನೀರಿನಲ್ಲೂ ಬೀದಿ ಹಿಡಿದೇ ಹೋಗುತ್ತಾರೆ.

“ಓಣಿ ಹಿಡದೇ ಹೊಂಟಿದ್ದೆ ತಮ್ಮಾ,” ಅಂದಳು ಅವನ ಹೆಂಡತಿ, ಕಾಕು. “ಅಪ್ಪ ಮನಿ ಮುಂದಿನ ಕಟ್ಟಿ ಸ್ವಲ್ಪ ಓಣಿಗಿ ತಂದಿದ್ದ, ಮರ್ತೆ.”

ಕಾಕಾ ಹಣೆ ಬಡಿದುಕೊಂಡ. “ಇದ್ದಾಗೂ ಓಣಿ ಒತ್ತಿ ಕಟ್ಟಿ ಮಂದಿಗಿ ದಾರಿ ಬಿಡಲಿಲ್ಲ. ಮುಳಗಿ ಇಷ್ಟ ವರ್ಷ ಆದ್ರೂ ಬಿಡವಲ್ಲ ನೋಡ್ರಿ!”

ಎಣ್ಣೆಯ ಸಾಕ್ಷಿ

ಸ್ಪೀಡ್ ಕೊಟ್ಟರೆ ಟಕ್ ಟಕ್ ಅಂತ ಗೇರ್ ಜಾರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ರೋಗ ಇಷ್ಟೇ. ಆದರೆ ಕಾಕಾ ಚಹಾ ತರಲು ಹೋದಾಗ ಕಾಕು ದನಿ ಇಳಿಸಿದಳು.

“ಇನ್ನ ಹ್ಯಾಂಡಲ್ ಮುಟ್ಟಬ್ಯಾಡ ಅಂದಾರ ತಮ್ಮಾ. ದಂಡಿ ಬಿಡಸೋದು, ದಂಡಿಗಿ ಹಚ್ಚೋದು ಅವರದು. ನಡು ನೀರಾಗ ಅವರು ಮೀನಿನ ಬಲಿ ಬಿಟ್ಟರ ಹ್ಯಾಂಡಲ್ ನಂದು. ಹಿಂಗೇ ಬಂದೀವಿ. ಈಗ ಮನ್ಯಾಗ ಕುಂದರು ಅಂದ್ರ ನಾ ಏನ್ ಮಾಡ್ಲಿ? ನಂದೇ ತಪ್ಪಿದ್ರ ಹೇಳು, ಕುಂದರ್ತೇನಿ. ಇಲ್ಲಂದ್ರ ಅದೂ ಹೇಳು.”

ನಾನು ಡಬ್ಬಿಯ ಎಣ್ಣೆ ಇಳಿಸಿದೆ. ಗೋಡೆ ಬಡಿದು ಡಬ್ಬಿ ಸೀಳಿದ್ದರೆ ನೀರು ಹೊಕ್ಕು ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಇದು ಕಾಕಂಬಿಯ ಹಾಗೆ ಕಪ್ಪಗಿತ್ತು. ನೀರು ತಳ್ಳುವ ಪಂಖ ತಿರುಗಿಸಿದೆ, ಶಾಫ್ಟ್ ಸೊಟ್ಟಗಾಗಿರಲಿಲ್ಲ. ಆದರೆ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿಣಮಿಣ ಅನ್ನುತ್ತಿತ್ತು. ಅಂದರೆ ಪೆಟ್ಟು ಹೊರಗಿನದಲ್ಲ, ಒಳಗೇ ಏನೋ ಸವೆದಿದೆ.

ಚಹಾ ಹಿಡಿದು ಬಂದ ಕಾಕಾಗೆ, “ಇದರಾಗ ನೀರು ಹೊಕ್ಕಿಲ್ಲ ಕಾಕಾ,” ಅಂದೆ.

ಅವನು ತನ್ನ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. “ಇದರಾಗ ಹೊಕ್ಕಾದ್ರಿ. ಹೋಟೆಲ್‌ನವನ ಕೆಟಲ್ಲೂ ಒಮ್ಮಿ ಬಿಚ್ಚಿ ನೋಡ್ರಿ.”

ಕೈ ಗುಣ

ಡಬ್ಬಿ ಬಿಚ್ಚಿದೆ. ಗೇರಿಗೆ ಗೇರು ಕಚ್ಚಿಕೊಳ್ಳುವ ಹಲ್ಲುಗಳ ಮೂಲೆಗಳು ತಿಂಗಳು ಬಳಸಿದ ಸಾಬೂನಿನ ಹಾಗೆ ದುಂಡಗಾಗಿದ್ದವು. ಅದಕ್ಕೇ ಹಿಡಿತ ಸಿಗದೆ ಜಾರುತ್ತಿತ್ತು. ಯಾವ ಗೋಡೆಯೂ ಹೀಗೆ ಮಾಡುವುದಿಲ್ಲ. ಇಬ್ಬರಿಗೂ ಗೇರ್ ಲಿವರ್ ಹಾಕಿ ತೋರಿಸಿ ಅಂದೆ.

ಕಾಕು ಸೆರಗು ಸಿಗಿಸಿ ಒಂದೇ ಏಟಿಗೆ ಹಾಕಿದಳು: ಖಟ್!

“ನೋಡಿದ್ರ್ಯಾ?” ತನಗೇ ಬಡಿದಂತೆ ಕಾಕಾ ಮುಖ ಹಿಂಡಿದ. “ಹಿಂಗ ಹೊಡೀತಾಳ್ರಿ ಅದಕ್ಕ!”

ತನ್ನ ಪಾಳಿ ಬಂದಾಗ ಕೈ ಒರೆಸಿಕೊಂಡು, ಇಂಜಿನ್ ಮುಟ್ಟಿ ಕಣ್ಣಿಗೊತ್ತಿ, ಈದ ಎಮ್ಮೆಯ ಮೈ ಸವರಿದಂತೆ ಮೆಲ್ಲಗೆ, ಇನ್ನೂ ಮೆಲ್ಲಗೆ ಲಿವರ್ ಸರಿಸಿದ. “ಹಿಂಗ್ರಿ. ನೋವಾಗಬಾರದು ನೋಡ್ರಿ.”

ಸವೆದ ಗೇರನ್ನು ಅವನ ಮುಂದೆ ಹಿಡಿದೆ. “ಕಾಕಾ, ಹಲ್ಲು ಸವದದ್ದು ಇದರಿಂದೇ. ಮೆಲ್ಲಕ ಹಾಕಿದ್ರ ಹಲ್ಲಿಗಿ ಹಲ್ಲು ಉಜ್ಜತಾವ. ಒಮ್ಮಿಗೇ ಖಟ್ ಅಂತ ಹಾಕಬೇಕು. ಕಾಕುಂದೇ ಬರೋಬ್ಬರ್ ಅದ.”

ಕಾಕಾ ಕೌದಿಯನ್ನೇ ನೋಡುತ್ತ ಕುಂತ. “ನಾಕು ವರ್ಷ ಕೂಸಿನ್ಹಂಗ ನೋಡೀನಲ್ರಿ...”

ಕಾಕು ಗೆದ್ದವಳಂತೆ ಬೀಗಲಿಲ್ಲ. ಅವನ ಕೈಯಲ್ಲಿ ಆರುತ್ತಿದ್ದ ಚಹಾ ತಗೊಂಡು ತಾನೇ ಕುಡಿದು, ನನ್ನ ಕಡೆ ತಿರುಗಿದಳು. “ನನ್ನ ಸಂಗಟ ಒಂದಿನಾನೂ ಹಿಂಗ ಮೆತ್ತಗ ನಡಕೊಂಡಿಲ್ಲ ತಮ್ಮಾ. ಅದಕ್ಕೇ ನಾ ಇನ್ನಾ ಗಟ್ಟಿ ಅದೀನಿ!”

ಔರಾದದಲ್ಲಿ

ಸವೆದ ಗೇರುಗಳ ಬದಲಿಗೆ ಕೊಂಕಣದ ಗೆಳೆಯನೊಬ್ಬ ಕೆಟ್ಟ ಇಂಜಿನ್ನಿನಿಂದ ಒಳ್ಳೆಯವನ್ನು ಬಿಚ್ಚಿ ಬಸ್ಸಿಗೆ ಹಾಕಿ ಕಳಿಸಿದ. ಉಳಿದದ್ದು ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಸೀಲ್. ಬೀದರಿನಲ್ಲಿ ಸಿಗಲಿಲ್ಲ, ಭಾಲ್ಕಿಯಲ್ಲೂ ಸಿಗಲಿಲ್ಲ. ಔರಾದದಲ್ಲಿ ಒಬ್ಬ ಮುದುಕನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕಿತು.

“ಯಾವ ಟ್ರ್ಯಾಕ್ಟರ್‌ಗ್ರಿ?”

“ನೀರಾಗ ಓಡೋದು.”

“ಗದ್ದಿ ಕೆಸರಾಗ?”

“ಇಲ್ರಿ, ಪೂರಾ ನೀರಾಗೇ. ಅದಕ್ಕ ಟೈರ್ ಇಲ್ಲ.”

ಮುದುಕ ಸೀಲ್ ಕೊಡದೆ ಕೈಯಲ್ಲೇ ಹಿಡಿದು ನನ್ನನ್ನು ಕನಿಕರದಿಂದ ನೋಡಿದ. “ಮೊದಲ ಟೈರ್ ಹಾಕಸ್ರಿ ಅಪ್ಪಾ. ಇದು ಆಮ್ಯಾಲ ತಗೊಂಡ್ರೂ ನಡೀತದ.”

ದಂಡೆಯ ಮೇಲೆ

ಜಲಾಶಯಕ್ಕೆ ಹೋಗಿ ಇಂಜಿನ್ ದೋಣಿಗೆ ಕಟ್ಟಿದೆ. ಚಾಲೂ ಆಯಿತು. ಈಗ ಹ್ಯಾಂಡಲ್ ಹತ್ತಿರದ ಹಿಂದಿನ ಹಲಗೆಯ ಮೇಲೆ ಯಾರು ಕೂಡಬೇಕು? ಕಾಕು ದಂಡೆಯಲ್ಲೇ ನಿಂತಿದ್ದಳು, ಒಂದು ಹೆಜ್ಜೆಯನ್ನೂ ಮುಂದಿಡದೆ. ಕಾಕಾ ಇಂಜಿನ್ ನೋಡಿದ, ಅವಳನ್ನು ನೋಡಿದ. ಆಮೇಲೆ ಹೆಗಲ ಟವೆಲ್ ತೆಗೆದು ಹಲಗೆಯ ಮೇಲಿನ ನೀರು ಒರೆಸಿ, ಮುಂದೆ ಹೋಗಿ ಬಲೆಯ ಪಕ್ಕ ಕುಂತ.

ಕಾಕು ಏರಿದಳು. “ದಂಡಿನೂ ನಾನೇ ಬಿಡಸಲ್ಯಾ?”

“ಬಿಡಸು.”

ಅವಳು ಲಿವರಿಗೆ ಕೈ ಹಾಕಿದಳು. ಕಾಕಾ ಎರಡೂ ಕಿವಿ ಮುಚ್ಚಿಕೊಂಡ. ಖಟ್! ಟಕ್ ಅನ್ನಲಿಲ್ಲ, ಜಾರಲಿಲ್ಲ; ದೋಣಿ ನೀರು ಸೀಳಿ ಹೊರಟಿತು.

ಬಲೆ ಒಣಗಿಸುತ್ತಿದ್ದ ಒಬ್ಬ ದಂಡೆಯಿಂದ ಒದರಿದ: “ಏನಪ್ಪಾ, ಮುಟ್ಟಗೊಡಲ್ಲ ಅಂದಿದ್ದಿ, ಹ್ಯಾಂಡಲ್ ಪೂರಾ ಹೆಂಡ್ತಿಗೇ ಕೊಟ್ಟಿಯಲ್ಲ?”

ಕಾಕಾ ಕಿವಿಯಿಂದ ಕೈ ತೆಗೆದು, ಇಡೀ ಜಲಾಶಯಕ್ಕೆ ಕೇಳುವಂತೆ ಕೂಗಿದ:

“ಏನ್ ಮಾಡ್ಲೋ! ನನ್ನ ಪ್ರೀತಿ ಇಂಜಿನ್‌ಗಿ ತಾಳವಲ್ಲದು!”