ತ್ರಿಕೋನದ ಆಟ, ನನ್ನ ಅರಿಶಿನ

ಪಣಕ್ಕಿದ್ದದ್ದು ಒಂದು ಕುರ್ಚಿ. ಚಾಮರಾಜನಗರದ ತಂಡಕ್ಕೆ ಈ ಸಲವೂ ಸೋತರೆ ನಮ್ಮ ಗುಂಡ್ಲುಪೇಟೆಯ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು ಇಳಿಯಬೇಕು, ಉಪಾಧ್ಯಕ್ಷನಾದ ನಾನು ಹತ್ತಬೇಕು. ನನ್ನ ಅರಿಶಿನದ ಮಂಡಿಯ ಜಗಲಿಯಲ್ಲಿ ಇಂಥ ಕರಾರು ಆಗುತ್ತಲೇ ಇರುತ್ತವೆ. ಟೀ ಕುಡಿಯಲು ಕೂತವರು ಏನಾದರೊಂದಕ್ಕೆ ಒಪ್ಪಿಯೇ ಏಳುತ್ತಾರೆ.

೧. ಮೂರು ಲೋಟ

ಜಗಳವೆಲ್ಲ ಅಧ್ಯಕ್ಷರ ಹಳೇ ಪದ್ಧತಿಯದು. ಬೆಂಚಿನ ಮೇಲೆ ಮೂರು ಟೀ ಲೋಟ ಇಟ್ಟು ತೋರಿಸುತ್ತಿದ್ದರು.

"ಒಬ್ಬ ಮೂಲೇಲಿ, ಒಬ್ಬ ಪಕ್ಕದಲ್ಲಿ, ಒಬ್ಬ ರಿಂಗಿನ ಬುಡದಲ್ಲಿ. ಚೆಂಡು ಮೂವರ ಕೈಲೂ ಸುತ್ತಬೇಕು. ಆಮೇಲೆ ಬುಡದೋನು ಹಾಕ್ಬೇಕು. ನಮ್ ಕಾಲದಿಂದ್ಲೂ ಇದೇ ಕಣಯ್ಯ."

"ದೂರದ ಗೆರೆಯಾಚೆಯಿಂದ ಹಾಕಿದ್ರೆ ಮೂರಂಕ, ಬುಡದಿಂದ ಎರಡು. ಒಂದೇ ಮಾಲಿಗೆ ಎರಡು ರೇಟಿರುವಾಗ ಕಮ್ಮಿಗೆ ಯಾಕೆ ಮಾರ್ತೀರಿ?" ಅಂದೆ.

"ಹೆಚ್ಚಿನ ರೇಟು ಯಾರ್ ಬೇಕಾದ್ರೂ ಹೇಳ್ಬೋದು. ಗಿರಾಕಿ ಸಿಗ್ಬೇಕಲ್ಲ?"

ಅಷ್ಟರಲ್ಲಿ ಟೀ ಅಂಗಡಿಯವನು ಬಂದ. "ನಿಮ್ ಆಟ ಮುಗುದಿದ್ರೆ ಆಟಗಾರರ್ನ ಕೊಡಿ, ತೊಳೀಬೇಕು."

೨. ಮೂರನೆಯವನು

ರಿಂಗಿನ ಬುಡದಲ್ಲಿ ನಿಲ್ಲುವವನು ಹಂಗಳದ ಹುಡುಗ, ತಂಡಕ್ಕೆಲ್ಲ ಉದ್ದ. ಒಂದು ಸಂಜೆ ಅಭ್ಯಾಸದಲ್ಲಿ ಅವನ ಕೈಯಲ್ಲಿ ಚೆಂಡು, ತಲೆಯ ಮೇಲೆ ರಿಂಗು, ತಡೆಯುವವರು ಯಾರೂ ಇಲ್ಲ. ಆದರೂ ಹಾಕದೆ ನಿಂತಿದ್ದ. ಆ ರಿಂಗನ್ನು ಮಾಡಿಕೊಟ್ಟ ವೆಲ್ಡಿಂಗ್ ಸಾಬರಿಗೆ ತಡೆಯಲಾಗಲಿಲ್ಲ.

"ಅರೇ, ನಾನು ಇದನ್ನ ಮಾಡಿದ್ದು ಚೆಂಡು ಹಾಕಕ್ಕೋ, ನೋಡ್ತಾ ನಿಲ್ಲಕ್ಕೋ?"

"ಮೂರನೇವ್ನ ಕೈಗೆ ಇನ್ನೂ ಹೋಗಿಲ್ಲ ಕಣ ಸಾಬ್ರೆ."

"ಅವನೆಲ್ಲಿ?"

"ತೆರಕಣಾಂಬಿ ಬಸ್ಸು ಬಂತು ಅಂತ ಆಗ್ಲೇ ಹೊಂಟೋದ."

೩. ಇರ್ಲಿ ಬುಡಿ

ಊರಿಗೆ ದೊಡ್ಡ ಸಿಮೆಂಟು ಅಂಗಳ ಅಂದರೆ ಹುಡುಗರು ಆಡುವ ಕ್ಲಬ್ಬಿನದೊಂದೇ. ಸುಗ್ಗಿಯಲ್ಲಿ ಬೇಯಿಸಿದ ಅರಿಶಿನ ಒಣಗಿಸುವುದೂ ಅಲ್ಲೇ, ಒಣಗಿಸುವವನೂ ನಾನೇ. ಪ್ರತಿ ಸಲ ಚಾಮರಾಜನಗರಕ್ಕೆ ಹೋಗಿ ಸೋತು ಬರುತ್ತಿದ್ದೆವು. ಈ ಸಲ ಪಂದ್ಯ ನಮ್ಮೂರಲ್ಲಿ, ಅದೂ ಸುಗ್ಗಿಯಲ್ಲಿ.

"ಅರಿಶಿನ ಎತ್ತಿಸ್ತೀರಾ?" ಎಂದು ಅಧ್ಯಕ್ಷರು ಕೇಳಿದರು.

ನಾನು ಮನಸ್ಸಲ್ಲೇ ತೂಗಿದೆ. ಎತ್ತದಿದ್ದರೆ ಹುಡುಗರ ಅಭ್ಯಾಸ ಕೆಡುತ್ತದೆ, ಸೋಲುತ್ತಾರೆ, ಕುರ್ಚಿ ನನ್ನದು. "ಅರೆಬರೆ ಒಣಗಿದ್ದನ್ನ ಎತ್ತಿದ್ರೆ ಬೂಷ್ಟು ಹಿಡೀತದೆ," ಅಂದೆ.

"ಇರ್ಲಿ ಬುಡಿ," ಎಂದು ಟೀ ಹೀರಿದರು.

ವರ್ಷಗಟ್ಟಲೆ ವಾದ ಮಾಡಿದವನು ಚೌಕಾಸಿಯಿಲ್ಲದೆ ಒಪ್ಪಿದರೆ ವ್ಯಾಪಾರಿಗೆ ಅನುಮಾನ ಬರಬೇಕು. ನನಗೆ ಆ ದಿನ ಟೀ ಮಾತ್ರ ರುಚಿಯಾಗಿ ಕಂಡಿತು.

೪. ಗೆರೆ

ಪಂದ್ಯದ ದಿನ ಎರಡೂ ರಿಂಗುಗಳ ಬುಡದಲ್ಲಿ ಒಂದಿಷ್ಟು ಜಾಗ, ನಡುವೆ ಓಡಾಡಲು ಒಂದು ದಾರಿ. ಉಳಿದದ್ದೆಲ್ಲ ಹಳದಿ.

"ಮೂರಂಕದ ಗೆರೆ ಎಲ್ರೀ?" ಅಂಪೈರ್ ಕೇಳಿದರು.

"ಅರಿಶಿನದ ಕೆಳಗಿದೆ ಸಾರ್," ಅಂದರು ಅಧ್ಯಕ್ಷರು.

"ಕಾಣದ ಗೆರೆಗೆ ಅಂಕ ಕೊಡಕ್ಕಾಗಲ್ಲ. ಎಲ್ಲಾ ಎರಡೇ. ಅರಿಶಿನ ತುಳಿದ್ರೆ ಚೆಂಡು ಎದುರಿನೋರಿಗೆ."

ದೂರದಿಂದಲೇ ಹಾಕಿ ಗೆಲ್ಲುತ್ತಿದ್ದ ಚಾಮರಾಜನಗರದವರು ನಿಲ್ಲಲು ಜಾಗ ಹುಡುಕುವುದರಲ್ಲೇ ಇದ್ದರು. ನಮ್ಮವರು ಬುಡದಲ್ಲಿ ಮೂರು ಲೋಟದಂತೆ ನಿಂತು, ಸುತ್ತಿಸಿ, ಸುತ್ತಿಸಿ, ಹಾಕಿದರು. ಗೆದ್ದರು.

"ಈ ಮೂರು ಲೋಟದ ಆಟ ಯಾವ ಪುಸ್ತಕದ ಪದ್ಧತಿ?" ಕೊನೆಗೂ ಅಧ್ಯಕ್ಷರನ್ನು ಕೇಳಿದೆ.

"ಪುಸ್ತಕ ಎಲ್ಲೀದು? ನಾವಾಡೋವಾಗ ನಿಮ್ಮಪ್ಪ ಇಲ್ಲೇ ಅರಿಶಿನ ಹರವೋರು. ಮೂರು ಜನ ನಿಲ್ಲೋವಷ್ಟೇ ಜಾಗ ಬುಟ್ಟಿದ್ರು."

ಕೊನೆಯ ಲೆಕ್ಕ ಇಷ್ಟು: ಊರಿಗೆ ಗೆಲುವು, ಅವರಿಗೆ ಕುರ್ಚಿ. ನನಗೆ ಕ್ಲಬ್ಬಿನ ಒಂದು ಠರಾವು: ಇನ್ನು ನಮ್ಮೂರಲ್ಲಿ ಪಂದ್ಯವಿದ್ದಾಗಲೆಲ್ಲ ಉಪಾಧ್ಯಕ್ಷರು ಅಂಗಳದಲ್ಲಿ ಅರಿಶಿನ ಹರವತಕ್ಕದ್ದು. ಅಂಗಳಕ್ಕೆ ಬಾಡಿಗೆ ಕೊಡಬೇಕಿಲ್ಲ.