ಎಪ್ಪತ್ತು ಅಡಿಯ ಉಪಾಯ

ಡೆಸ್ಮಂಡ್ ಟ್ರಾಂಟರನಿಗೆ ದೇವರ ಮೇಲಾಗಲಿ, ಸರ್ಕಾರದ ಮೇಲಾಗಲಿ, ಸ್ಟ್ಯಾಫರ್ಡ್‌ಶೈರಿನ ಮಳೆಯ ಮೇಲಾಗಲಿ ಹೇಳಿಕೊಳ್ಳುವಂಥ ದೂರು ಇರಲಿಲ್ಲ. ಇದ್ದ ದೂರು ಒಂದೇ. ಅದು ದೂರದ ಸ್ಕಿಪ್ಟನ್ ಊರಿನಲ್ಲಿ, ಕಾಲುವೆಯ ದಂಡೆಯ ಮನೆಯೊಂದರಲ್ಲಿ ವಾಸವಾಗಿತ್ತು. ಹೆಸರು ಎಡ್ನಾ. ಹೆಂಡತಿ ನೊರೀನಳ ಅಕ್ಕ.

ಎಡ್ನಾ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರಾಗಿದ್ದು ನಿವೃತ್ತಳಾದವಳು. ಶಾಲೆ ಅವಳನ್ನು ಬಿಟ್ಟುಕೊಟ್ಟಿತ್ತು, ಅವಳು ಸೀಟಿಯನ್ನು ಬಿಟ್ಟಿರಲಿಲ್ಲ. ಅದು ಕೊರಳಲ್ಲಿ ತೂಗುತ್ತಲೇ ಇರುತ್ತಿತ್ತು. ಊಟಕ್ಕೆ ಕರೆಯಲು ಒಂದು ಊದು. ಯಾರಾದರೂ ಬೂಟು ಬಿಚ್ಚದೆ ಒಳಗೆ ಕಾಲಿಟ್ಟರೆ ಎರಡು. ಕ್ರಿಸ್‌ಮಸ್ಸಿಗೊಂದು ವಾರ, ಈಸ್ಟರಿಗೊಂದು ವಾರ ಡೆಸ್ಮಂಡ್ ಅಲ್ಲಿ ಕಳೆಯಲೇಬೇಕಿತ್ತು. ಬೆಣ್ಣೆಯನ್ನು ಬ್ರೆಡ್ಡಿನ ಅಂಚಿನವರೆಗೂ ಸವರಬೇಕೆಂದೂ, ಚಹಾ ಕುಡಿಯುವಾಗ ಸದ್ದು ಬರಬಾರದೆಂದೂ ಅರವತ್ತು ದಾಟಿದ ಮೇಲೆ ಅವನು ಅಲ್ಲಿ ಕಲಿತ. ಊರೆಲ್ಲ ಅವನನ್ನು ಡೆಸ್ ಅಂದರೆ ಅವಳೊಬ್ಬಳು ಹಾಜರಿ ಕೂಗುವವಳಂತೆ ‘ಡೆಸ್ಮಂಡ್’ ಎನ್ನುತ್ತಿದ್ದಳು. (ಬದುಕಿಡೀ ಬಸ್ಸು ಓಡಿಸಿ ಶನಿವಾರ ರಾತ್ರಿಯ ಕುಡುಕರನ್ನೆಲ್ಲ ಸಂಭಾಳಿಸಿದ ಮನುಷ್ಯ ಆ ಕರೆಗೆ ಎದ್ದು ನಿಲ್ಲುತ್ತಿದ್ದ.)

ಹೀಗಿರುವಾಗ ಡೆಸ್ಮಂಡನೂ ನಿವೃತ್ತನಾದ. ಮನೆ ಮಾರಿ, ತಮಗೆ ಬೇಕಾದ ಹಾಗೆ ದೋಣಿಮನೆಯೊಂದನ್ನು ಕಟ್ಟಿಸಿಕೊಂಡು ಕಾಲುವೆಯ ಮೇಲೆಯೇ ಇದ್ದುಬಿಡುವುದೆಂದು ಗಂಡಹೆಂಡಿರು ಮದುವೆಯಾದಾಗಿನಿಂದ ಆಡಿಕೊಂಡಿದ್ದರು. ಈಗ ಮನೆ ಮಾರಾಟವೂ ಕುದುರಿತು. ನೊರೀನ್ ಹಾಕಿದ ಷರತ್ತು ಒಂದೇ ಒಂದು. ಬೇಸಿಗೆಯಿಡೀ ದೋಣಿಯನ್ನು ಎಡ್ನಾಳ ಹಿತ್ತಿಲಿಗೆ ಕಟ್ಟಿ ನಿಲ್ಲಿಸಬೇಕು. ಅಕ್ಕ ಕಳೆದ ಚಳಿಗಾಲದಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಾಳೆ, ಒಬ್ಬಳೇ ಇದ್ದಾಳೆ, ನಾವು ಹತ್ತಿರವಿದ್ದರೆ ಅವಳಿಗೂ ಧೈರ್ಯ.

ಎರಡು ವಾರದ ಶಿಕ್ಷೆ ಬೇಸಿಗೆಯಷ್ಟು ಉದ್ದವಾಗಿ ಬೆಳೆದದ್ದನ್ನು ಕಂಡು ಡೆಸ್ಮಂಡನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ತೋರಿಸಿದವನು ದೋಣಿ ಕಟ್ಟುವ ಕ್ಲೈವ್. ಅವನ ಶೆಡ್ಡಿನಲ್ಲಿ ಉಕ್ಕಿನ ಹಾಳೆಗಳ ನಡುವೆ ಕುಳಿತು ಮೊದಲ ಮಾತುಕತೆ ನಡೆಯಿತು. ನೊರೀನ್ ಆ ಹೊತ್ತಿಗೆ ಬಣ್ಣದ ಮಾದರಿಗಳನ್ನು ನೋಡಲು ಪಕ್ಕದ ಕೋಣೆಗೆ ಹೋಗಿದ್ದಳು. ಅಗಲದ ಬಗ್ಗೆ ಯೋಚಿಸುವುದಕ್ಕೇನೂ ಇಲ್ಲ, ಎಲ್ಲರದೂ ಏಳು ಅಡಿಯೊಳಗೇ, ಉದ್ದ ಹೇಳಿ ಎಂದ ಕ್ಲೈವ್. ಕಾಲುವೆ ಗುಡ್ಡ ಹತ್ತುವ ಕಡೆಯಲ್ಲೆಲ್ಲ ಲಾಕುಗಳಿವೆಯಲ್ಲ, ಹಿಂದೊಂದು ಮುಂದೊಂದು ಬಾಗಿಲಿರುವ ಆ ಕಲ್ಲುತೊಟ್ಟಿಗಳು, ಅವುಗಳೊಳಗೆ ದೋಣಿ ಪೂರ್ತಿ ಹಿಡಿಸಿದರೆ ತಾನೆ ಬಾಗಿಲು ಮುಚ್ಚಿ ನೀರು ಏರಿಸಲು ಸಾಧ್ಯ. ಐವತ್ತೇಳು ಅಡಿಯ ದೋಣಿ ದೇಶದಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಎಪ್ಪತ್ತು ಅಡಿ ಮಾಡಿಸಿದರೆ ಒಳಗೆ ಅರಮನೆಯಷ್ಟು ಜಾಗ, ಆದರೆ ವಿಗನ್ ಊರಿನ ಆಚೆ ಉತ್ತರದ ಲಾಕುಗಳು ಗಿಡ್ಡ, ಅಲ್ಲಿಂದ ಮುಂದಕ್ಕೆ ಹೋಗುವಂತಿಲ್ಲ.

“ಸ್ಕಿಪ್ಟನ್ ಎಲ್ಲಿ ಬರತ್ತೆ?” ಎಂದು ಡೆಸ್ಮಂಡ್ ಮೆಲ್ಲಗೆ ಕೇಳಿದ.

“ವಿಗನ್‌ನಿಂದ ಎಷ್ಟೋ ಆಚೆಗೆ. ಎಪ್ಪತ್ತು ಅಡಿ ಅಂದ್ರೆ ಸ್ಕಿಪ್ಟನ್ ಆಸೆ ಬಿಟ್ಟುಬಿಡಿ.”

ಡೆಸ್ಮಂಡನಿಗೆ ಶೆಡ್ಡಿನ ತಗಡಿನ ಸೂರು ತೆರೆದು ಬೆಳಕು ಇಳಿದ ಹಾಗಾಯಿತು. ಎಪ್ಪತ್ತು ಎಂದ. ಉಕ್ಕು ಕತ್ತರಿಸಿದ ಮೇಲೆ ಉದ್ದ ಬದಲಾಯಿಸಲು ಆಗುವುದಿಲ್ಲ ಎಂದು ಕ್ಲೈವ್ ಎಚ್ಚರಿಸಿದಾಗ, ಹಾಗಾದರೆ ಬೇಗ ಕತ್ತರಿಸಿ ಎಂದ.

ಹೆಂಡತಿಗೆ ಹೇಳಲು ಒಂದು ನೆಪ ಬೇಕಿತ್ತು. ಹೆಚ್ಚಿನ ಹದಿಮೂರು ಅಡಿಯಲ್ಲಿ, ದೋಣಿಯ ಮೂತಿಯ ಕಡೆ, ತನಗೊಂದು ಮರಗೆಲಸದ ಕೋಣೆ ಮಾಡಿಸಿಕೊಳ್ಳುತ್ತೇನೆ, ಅಲ್ಲಿ ಮರ ತಿರುಗಿಸಿ ಕೆತ್ತುವ ಕಡಚಲಯಂತ್ರ ಇಟ್ಟುಕೊಂಡು ಮರದ ಬಟ್ಟಲು ಮಾಡುತ್ತೇನೆ ಎಂದು ಹೇಳಿದ. ಅವನು ಅದುವರೆಗೆ ಮಾಡಿದ್ದು ಎರಡೇ ಬಟ್ಟಲು. ಒಂದು ಸೋರುತ್ತಿತ್ತು. ನೊರೀನ್ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸರಿ, ಮಾಡಿಸಿಕೋ ಎಂದಳು. ಅವನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಪರದೆಯ ಬಣ್ಣಕ್ಕೂ ಮೂರು ದಿನ ವಾದಿಸುವ ಹೆಂಗಸು ಒಂದು ಕಪ್ ಚಹಾ ಮುಗಿಯುವುದರೊಳಗೆ ಒಪ್ಪಿದ್ದಳು.

ಮುಂದಿನದು ನಕ್ಷೆ. ಕಾಗದದ ಮೇಲೆ ಬರೆದದ್ದು ನೊರೀನಳಿಗೆ ಹಿಡಿಸಲಿಲ್ಲ. ಕಾಲಿಟ್ಟು ನೋಡದೆ ಮನೆ ಹೇಗೆ ಗೊತ್ತಾಗುತ್ತದೆ ಎಂದಳು. ತಮ್ಮ ಹಿತ್ತಿಲಿನಲ್ಲಿ ಎಪ್ಪತ್ತು ಅಡಿ ಇರಲಿಲ್ಲವಾಗಿ, ಚರ್ಚಿನ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಸೀಮೆಸುಣ್ಣದಿಂದ ಪೂರ್ತಿ ಅಳತೆಯ ದೋಣಿಯನ್ನು ಬರೆದರು. ಆ ಬಿಳಿಗೆರೆಗಳೊಳಗೆ ಇಬ್ಬರೂ ಇಡೀ ಮಧ್ಯಾಹ್ನ ಸಂಸಾರ ಮಾಡಿದರು. ಇಲ್ಲದ ಒಲೆಯ ಮೇಲೆ ನೊರೀನ್ ಅಡುಗೆ ಮಾಡಿದಳು. ಡೆಸ್ಮಂಡ್ ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋಗಿ ಬಂದ. ದೋಣಿಯೊಳಗಿನ ಓಣಿಯಲ್ಲಿ ಎದುರಾದಾಗ ಒಬ್ಬರು ಗೋಡೆಗೆ ಬೆನ್ನು ಹಚ್ಚಿ ಹೊಟ್ಟೆ ಒಳಗೆಳೆದುಕೊಳ್ಳಬೇಕೆಂದು ತಿಳಿಯಿತು. ಯಾರ ಹೊಟ್ಟೆ ಎಂಬ ಚರ್ಚೆ ತುಸು ಕಾವೇರಿತು. ಕಾರು ತೆಗೆಯಲು ಬಂದ ಪಾದ್ರಿಗಳು ಗೆರೆಯ ಹೊರಗೆ ನಿಂತು, ಒಳಗೆ ಬರಬಹುದೇ ಎಂದು ಕೇಳಿದರು. ಬನ್ನಿ, ಆದರೆ ಅದು ಕಕ್ಕಸು ಎಂದಳು ನೊರೀನ್.

ಕಕ್ಕಸಿನ ವಿಷಯಕ್ಕೇ ಎರಡು ವಾರ ಹೋಯಿತು. (ಕಾಲುವೆಯವರು ಇಬ್ಬರು ಸೇರಿದರೆ ಮೊದಲ ಮಾತು ಹವಾಮಾನದ್ದು, ಎರಡನೆಯದು ಕಕ್ಕಸಿನದ್ದು, ಮೂರನೆಯದಕ್ಕೆ ಹೊತ್ತು ಉಳಿಯುವುದಿಲ್ಲ.) ನೊರೀನಳಿಗೆ ಸ್ನಾನದ ತೊಟ್ಟಿ ಬೇಕಿತ್ತು, ಡೆಸ್ಮಂಡನಿಗೆ ಷವರ್ ಸಾಕಿತ್ತು. ತೊಟ್ಟಿ ಬಂತು. ಅವನಿಗೆ ಅಂಕುಡೊಂಕಾದ ಓಣಿ ಬೇಕಿತ್ತು, ಅವಳಿಗೆ ಮೂತಿಯಿಂದ ಬಾಲದವರೆಗೆ ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿರಬೇಕಿತ್ತು, ಗಾಳಿ ಆಡಬೇಕಲ್ಲ. ಗಾಳಿ ಗೆದ್ದಿತು.

ಆದರೆ ಅವನ ಮರಗೆಲಸದ ಕೋಣೆಯ ವಿಷಯದಲ್ಲಿ ಅವಳು ತೋರಿಸಿದ ಅಕ್ಕರೆಗೆ ಡೆಸ್ಮಂಡನ ಕಣ್ಣು ಒದ್ದೆಯಾಯಿತು. ಚಳಿಯಲ್ಲಿ ಕೈ ಮರಗಟ್ಟಬಾರದೆಂದು ಅಲ್ಲಿಗೊಂದು ಹೀಟರ್ ಹಾಕಿಸಿದಳು. ಬೆಳಕಿಗೆಂದು ಎರಡು ಕಿಟಕಿ. ಅಂಟು ತೊಳೆದುಕೊಳ್ಳಲು ಪುಟ್ಟ ಬೇಸಿನ್ನು, ಬಿಸಿನೀರಿನ ನಲ್ಲಿ. ಕೆಲಸದ ಕಟ್ಟೆ ಸೊಂಟದೆತ್ತರ ಇರಲಿ ಎಂದು ಅವನೆಂದರೆ, ಬೇಡ, ಮೊಣಕಾಲೆತ್ತರ ಸಾಕು, ಕೂತು ಮಾಡು, ನಿನ್ನ ಬೆನ್ನು ಮೊದಲೇ ಸರಿ ಇಲ್ಲ ಎಂದಳು. ಉದ್ದನೆಯ ಹಲಗೆಗಳನ್ನು ಚಾಚಲು ಕಟ್ಟೆ ಆರೂವರೆ ಅಡಿ ಇರಲಿ, ಅಗಲವೂ ಧಾರಾಳವಾಗಿರಲಿ ಎಂದಳು. ಕೊನೆಗೊಂದು ದಿನ ಆ ಕಿಟಕಿಗಳಿಗೆ ನೇರಿಳೆ ಹೂಗಳ ಪರದೆ ಹೊಲಿದು ತಂದಾಗ ಡೆಸ್ಮಂಡನಿಗೆ ಏನೋ ಕೇಳಬೇಕೆನ್ನಿಸಿತು. ಏನೆಂದು ಹೊಳೆಯಲಿಲ್ಲ. ಇಂಥ ಹೆಂಡತಿಗೆ ಮೋಸ ಮಾಡಿದೆನಲ್ಲ ಎಂದು ಒಂದು ಗಳಿಗೆ ಮನಸ್ಸು ಚುಚ್ಚಿತು. ಎಡ್ನಾಳ ಸೀಟಿಯನ್ನು ನೆನೆದುಕೊಂಡ ಮೇಲೆ ಚುಚ್ಚುವುದು ನಿಂತಿತು.

ವಸಂತದಲ್ಲಿ ಕ್ರೇನು ದೋಣಿಯನ್ನು ಎತ್ತಿ ನೀರಿಗೆ ಇಳಿಸಿತು. ಕಡುಹಸಿರು ಮೈ, ಕೆಂಪು ಅಂಚು, ಉದ್ದ ಎಂದರೆ ಒಂದು ಬೀದಿಯಷ್ಟು. ಮೂತಿ ಮಾತ್ರ ಸ್ವಲ್ಪ ಮೇಲಕ್ಕೆದ್ದು ನಿಂತಿತು. ಒಳಗೆ ನೆಲದ ಮೇಲಿಟ್ಟ ರಸಮಟ್ಟದಲ್ಲಿ ಗುಳ್ಳೆ ಒಂದು ಕಡೆಗೆ ಸರಿದಿತ್ತು. ಮೂತಿಯ ತಳದಲ್ಲಿ ಭಾರಕ್ಕೆ ಇನ್ನಷ್ಟು ಇಟ್ಟಿಗೆ ಇಟ್ಟು ಸರಿಮಾಡಲೇ ಎಂದು ಕ್ಲೈವ್ ಕೇಳಿದ್ದಕ್ಕೆ ನೊರೀನ್, ಬೇಡ, ಅಲ್ಲಿಗೆ ಭಾರ ಬರೋದಿದೆ ಎಂದಳು. ಕಡಚಲಯಂತ್ರದ ತೂಕವನ್ನೂ ಇವಳು ಲೆಕ್ಕಕ್ಕೆ ಹಿಡಿದಿದ್ದಾಳಲ್ಲ ಎಂದು ಡೆಸ್ಮಂಡ್ ಹೆಮ್ಮೆಪಟ್ಟ.

ದೋಣಿಯೊಳಗಿನ ಮೊದಲ ಬೆಳಗ್ಗೆ, ಇನ್ನು ತಡಮಾಡುವುದು ಸರಿಯಲ್ಲವೆಂದು ಅವನು ತೀರ್ಮಾನಿಸಿದ. ಕನ್ನಡಿಯ ಮುಂದೆ ದುಃಖದ ಮುಖವನ್ನು ಎರಡು ಸಲ ಅಭ್ಯಾಸ ಮಾಡಿಕೊಂಡು, ಚಹಾ ಮಾಡಿ, ಬಿಸ್ಕತ್ತಿನ ತಟ್ಟೆ ಇಟ್ಟು, ಹೆಂಡತಿಯ ಎದುರು ಕುಳಿತ.

“ನೊರೀನ್, ಒಂದು ಕೆಟ್ಟ ಸುದ್ದಿ. ಹೇಗೆ ಹೇಳೋದೋ ಗೊತ್ತಾಗ್ತಿಲ್ಲ.”

“ವಿಗನ್ ದಾಟಲ್ಲ, ಅಷ್ಟೇ ತಾನೆ,” ಎಂದಳು ನೊರೀನ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ.

ಅಭ್ಯಾಸ ಮಾಡಿದ್ದ ಮುಖ ಎಲ್ಲಿಗೋ ಹೋಯಿತು. “ನಿಂಗೆ ಗೊತ್ತಿತ್ತಾ?”

“ಕ್ಲೈವ್ ಹೇಳಿದ. ಮೊದಲ ದಿನ ಶೆಡ್ಡಲ್ಲಿ ನೀನು ಕಕ್ಕಸಿನ ಅಳತೆ ತಗೋತಾ ಇದ್ದೆ ನೋಡು, ಆಗಲೇ.”

“ಗೊತ್ತಿದ್ದೂ ಸುಮ್ನಿದ್ದೆಯಾ? ಬೇಸಿಗೆಗೆ ಅಕ್ಕನ ಮನೆಗೆ ಹೋಗಬೇಕು ಅಂತಿದ್ದವಳು?”

“ಐವತ್ತೇಳು ಅಡೀಲಿ ಅಕ್ಕ ಎಲ್ಲಿ ಮಲಗ್ತಿದ್ಲು, ಡೆಸ್?”

ಡೆಸ್ಮಂಡನ ಕೈಯಲ್ಲಿದ್ದ ಬಿಸ್ಕತ್ತು ಅರ್ಧಕ್ಕೆ ಮುರಿದು ಚಹಾದೊಳಗೆ ಮುಳುಗಿತು. ಅದು ಮುಳುಗುವುದನ್ನು ಅವನು ಕೊನೆಯವರೆಗೂ ನೋಡಿದ.

ಆಮೇಲೆ ನೊರೀನ್ ಎಲ್ಲವನ್ನೂ ಹೇಳಿದಳು. ಬಿದ್ದ ಮೇಲೆ ಎಡ್ನಾಳಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮುಂದಿನ ಕೋಣೆಯ ಸೋಫಾದಲ್ಲೇ ಮಲಗುತ್ತಿದ್ದಳು, ತಂಗಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಅವಳನ್ನು ಕರೆತರಬೇಕೆಂದು ನೊರೀನಳಿಗೆ ಎಷ್ಟೇ ಇದ್ದರೂ ಗಂಡನನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ಒಂದು ಬೇಸಿಗೆ ಹತ್ತಿರವಿದ್ದು ಬಂದರೆ ಸಾಕೆಂದು ಅಷ್ಟನ್ನೇ ಕೇಳಿದ್ದಳು. ಅಷ್ಟರಲ್ಲಿ ಅವನಾಗಿಯೇ ಹದಿಮೂರು ಅಡಿ ಹೆಚ್ಚು ಕೊಟ್ಟ. ಉಕ್ಕು ಕತ್ತರಿಸಿದ ದಿನವೇ ಅವಳು ಸ್ಕಿಪ್ಟನ್ನಿಗೆ ಫೋನು ಮಾಡಿ, ಡೆಸ್ ನಿನಗೋಸ್ಕರ ದೋಣಿಯನ್ನೇ ಉದ್ದ ಮಾಡಿಸುತ್ತಿದ್ದಾನೆ, ಬಾಯಿಬಿಟ್ಟು ಹೇಳುವವನಲ್ಲ ಎಂದಿದ್ದಳು. ಆ ಕಡೆ ಅಕ್ಕ ಅತ್ತುಬಿಟ್ಟಳಂತೆ.

“ಎಡ್ನಾನಾ?” ಎಂದ ಡೆಸ್ಮಂಡ್.

“ಎಡ್ನಾನೇ. ಶನಿವಾರ ಬರ್ತಾಳೆ. ನಿನ್ನ ಮೆಷೀನನ್ನ ಕ್ಲೈವ್ ತನ್ನ ಶೆಡ್ಡಲ್ಲಿ ಇಟ್ಕೋತಾನಂತೆ.”

ಶನಿವಾರ ವ್ಯಾನು ಬಂತು. ಹೊಲಿಗೆ ಯಂತ್ರ, ಎರಡು ಟ್ರಂಕು, ಕಿತ್ತಳೆ ಮಾರ್ಮಲೇಡಿನ ಬಾಟಲಿಗಳ ಪೆಟ್ಟಿಗೆಗಳು ಒಂದೊಂದಾಗಿ ಮೂತಿಯ ಕೋಣೆಗೆ ಹೋದವು. ಕೊನೆಗೆ ಕೋಲೂರಿಕೊಂಡು ಎಡ್ನಾ ಇಳಿದಳು. ಹಿಂದಿನ ಸಲ ಕಂಡದ್ದಕ್ಕಿಂತ ಸಣ್ಣಗಾಗಿದ್ದಳು. ಕೋಣೆಯ ಬಾಗಿಲಲ್ಲಿ ನಿಂತು ಕಿಟಕಿ, ಹೀಟರ್, ನೇರಿಳೆ ಹೂಗಳ ಪರದೆ ಎಲ್ಲವನ್ನೂ ನೋಡಿದಳು. ಮೊಣಕಾಲೆತ್ತರದ ಕಟ್ಟೆಯ ಮೇಲೆ ಹಾಸಿಗೆ ಅಂಚಿಗೆ ಅಂಚು ಕೂತಿತ್ತು. (ಎಡ್ನಾ ಎತ್ತರದ ಹೆಂಗಸು. ಆರೂವರೆ ಅಡಿ ಯಾಕೆಂದು ಡೆಸ್ಮಂಡನಿಗೆ ಈಗ ಅರ್ಥವಾಯಿತು.) ಅವಳು ತಿರುಗಿ ಅವನ ಎರಡೂ ಕೈ ಹಿಡಿದುಕೊಂಡಳು.

“ಡೆಸ್ಮಂಡ್, ನಿನ್ನನ್ನ ಇಷ್ಟು ವರ್ಷ ನಾನು ತಪ್ಪು ತಿಳ್ಕೊಂಡಿದ್ದೆ. ನನಗೋಸ್ಕರ ಯಾರೂ ಒಂದು ಗೋಡೆಯನ್ನ ಒಂದು ಅಡಿ ಆಚೆ ಸರಿಸಿದವರಿಲ್ಲ.”

ಡೆಸ್ಮಂಡ್ ಏನೋ ಗೊಣಗಿದ. ಅವಳು ಅದನ್ನು ಸಂಕೋಚವೆಂದು ತಿಳಿದುಕೊಂಡಳು. ರಸಮಟ್ಟದ ಗುಳ್ಳೆ ಸರಿದು ಸರಿದು ನಟ್ಟ ನಡುವೆ ಬಂದು ನಿಂತಿತು.

ಮಧ್ಯಾಹ್ನ ಹಗ್ಗ ಬಿಚ್ಚಿ ಹೊರಟರು. ಡೆಸ್ಮಂಡ್ ಬಾಲದ ಕಡೆ, ಒಳಗಿನ ಮೆಟ್ಟಿಲ ಮೇಲೆ ಕಾಲಿಟ್ಟು, ಎದೆಯವರೆಗೆ ಹೊರಗೆ ನಿಂತು ಚುಕ್ಕಾಣಿ ಹಿಡಿದ. ದಡದ ವಿಲ್ಲೋ ಮರಗಳು ನಿಧಾನವಾಗಿ ಹಿಂದೆ ಸರಿದವು. ಎಂಜಿನ್ನು ಹಳೆಯ ಬಸ್ಸಿನಂತೆ ಹಿತವಾಗಿ ಗುಡುಗುಡಿಸುತ್ತಿತ್ತು. ಅವನು ಲೆಕ್ಕ ಹಾಕಿದ. ಎಡ್ನಾ ಮೂತಿಯ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾಳೆ; ತಾನು ಬಾಲದಲ್ಲಿದ್ದೇನೆ; ನಡುವೆ ಹತ್ತಿರ ಹತ್ತಿರ ಎಪ್ಪತ್ತು ಅಡಿ. ಸ್ಕಿಪ್ಟನ್ನಿನ ಮನೆಯಲ್ಲಿ ಇಷ್ಟು ದೂರ ಒಮ್ಮೆಯೂ ಸಿಕ್ಕಿರಲಿಲ್ಲ. ಒಟ್ಟಿನಲ್ಲಿ ಉಪಾಯ ಪೂರ್ತಿ ವ್ಯರ್ಥವಾಗಲಿಲ್ಲ.

ನೊರೀನ್ ಸ್ಯಾಂಡ್‌ವಿಚ್ ತಂದುಕೊಟ್ಟಳು. ಬೆಣ್ಣೆ ಅಂಚಿನವರೆಗೂ ಇತ್ತು. ಅವಳು ಹೋಗಲಿಲ್ಲ, ಅವನ ಪಕ್ಕದಲ್ಲಿ ನೀರು ನೋಡುತ್ತ ನಿಂತಳು.

“ಎಪ್ಪತ್ತು ಅಡಿ ಯಾಕೆ ಅಂದೆ ಅಂತ ನಂಗೆ ಮೊದಲ ದಿನಾನೇ ಗೊತ್ತಾಯ್ತು, ಡೆಸ್,” ಎಂದಳು ತಣ್ಣಗೆ. “ಅವಳಿಗೆ ಮಾತ್ರ ಯಾವತ್ತೂ ಗೊತ್ತಾಗಬಾರದು.”

“ಗೊತ್ತಾಗಲ್ಲ,” ಎಂದ ಡೆಸ್ಮಂಡ್. ಬೇರೆ ಏನು ಹೇಳಲೂ ಸ್ಯಾಂಡ್‌ವಿಚ್ ತುಂಬಿದ ಬಾಯಲ್ಲಿ ಜಾಗವಿರಲಿಲ್ಲ.

ಅವಳು ಅವನ ಕೋಟಿನ ಕಾಲರನ್ನು ಸರಿಮಾಡಿ ಒಳಗೆ ಇಳಿದು ಹೋದಳು. ಗಾಳಿಗೆಂದು ಹೋಗುತ್ತ ಹೋಗುತ್ತ ಓಣಿಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತೆರೆದಿಟ್ಟಳು. ಅಡುಗೆಮನೆಯದು, ಬಚ್ಚಲಿನದು, ಮಲಗುವ ಕೋಣೆಯದು, ಕೊನೆಗೆ ಮೂತಿಯದು. ಎಲ್ಲವೂ ನಕ್ಷೆಯಲ್ಲಿ ಬರೆದ ಹಾಗೆ ಒಂದೇ ಸಾಲಿನಲ್ಲಿದ್ದವು. ಗಾಳಿ ಚೆನ್ನಾಗಿಯೇ ಆಡಿತು.

ದೋಣಿಯ ಉದ್ದಕ್ಕೂ ಸೀಟಿ ಕೇಳಿಸಿತು. ಎರಡು ಊದು.

ಡೆಸ್ಮಂಡ್ ಕೆಳಗೆ ನೋಡಿದ. ಅವನ ಕಾಲುಗಳು ಒಳಗಿನ ಮೆಟ್ಟಿಲ ಮೇಲಿದ್ದವು. ಕೈಗೆ ಸಿಕ್ಕ ಹಗ್ಗದಿಂದ ಚುಕ್ಕಾಣಿಯನ್ನು ನೇರಕ್ಕೆ ಕಟ್ಟಿ, ಬಗ್ಗಿ, ಬೂಟಿನ ಲೇಸು ಬಿಚ್ಚತೊಡಗಿದ.