ಹಗ್ಗದವರ ಕ್ಲಬ್ಬಿಗೆ ಹರಕೆಯ ಟಗರು

ವಯಸ್ಸಾದ ಹೆಂಗಸು ಏನನ್ನು ಇಷ್ಟಪಡಬೇಕು ಅಂತ ಲೋಕದವರೆಲ್ಲ ಸೇರಿ ಮೊದಲೇ ತೀರ್ಮಾನ ಮಾಡಿಟ್ಟಿದ್ದಾರೆ. ಎಲೆ ಅಡಿಕೆ, ಮೊಮ್ಮಕ್ಕಳು, ಟೀವಿಯಲ್ಲಿ ಅಳುವ ಸೊಸೆಯರ ಧಾರಾವಾಹಿ, ಮಂಡಿನೋವಿನ ಎಣ್ಣೆ. ಇವುಗಳಲ್ಲಿ ನನಗೆ ಹಿಡಿಸಿದ್ದು ಎಣ್ಣೆ ಒಂದೇ. ಅದು ಬಿಟ್ಟರೆ ಫುಟ್‌ಬಾಲು. ಎಲ್ಲರ ಫುಟ್‌ಬಾಲೂ ಅಲ್ಲ, ಕಡಲಾಚೆ ಯಾವುದೋ ಚಳಿ ದೇಶದ ಒಂದೇ ಒಂದು ಕ್ಲಬ್ಬಿನದು. ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹಗ್ಗದ ಕಾರ್ಖಾನೆಯ ಕೂಲಿಯವರು ಕಟ್ಟಿದ್ದು, ಅದಕ್ಕೆ ನಾನು ಹಗ್ಗದವರು ಅನ್ನುತ್ತೇನೆ. ಇಷ್ಟಕ್ಕೇ ನಗು ಬಂದವರು ಈಗಲೇ ನಕ್ಕು ಮುಗಿಸಿ. ನಾನು ಹೇಳುವುದು ಇನ್ನೂ ಇದೆ.

ನನ್ನ ಮಗ ನಾಗರಾಜನ ಕಿರಿಮಗಳು ಸುಮ, ಹೊಂಗನೂರಿಂದ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಡಿಗ್ರಿ ಓದಲು ಹೋಗುತ್ತಾಳೆ. ಕಾಲೇಜಿನಲ್ಲಿ ಯಾರೋ ಹಿಡಿಸಿದ ಗೀಳು, ಮೊಬೈಲನ್ನು ಟೀವಿಗೆ ಸೇರಿಸಿಕೊಂಡು ಫುಟ್‌ಬಾಲ್ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ರೇಷ್ಮೆ ಹುಳುವಿಗೆ ಸೊಪ್ಪು ಬಿಡಿಸುತ್ತಿದ್ದೆ. ಆವತ್ತು ಹಗ್ಗದವರು ಹೀನಾಯವಾಗಿ ಸೋಲುತ್ತಿದ್ದರು. ಗೋಲು ಕಾಯುವ ಬೋಳುತಲೆಯವನೊಬ್ಬ ಎದುರಾಳಿಗಳನ್ನು ಬಿಟ್ಟು ತನ್ನ ಕಡೆಯವರನ್ನೇ ಹಿಗ್ಗಾಮುಗ್ಗಾ ಬೈಯುತ್ತಿದ್ದ. ಭಾಷೆ ಬರದಿದ್ದರೂ ಅವನು ಏನು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಒಬ್ಬರಾದರೂ ಅವರವರ ಜಾಗದಲ್ಲಿ ನಿಲ್ಲುವುದಿಲ್ಲ ಅಂತ. ನಾನು ಈ ಮನೆಗೆ ಬಂದಾಗಿನಿಂದ ಅದನ್ನೇ ಹೇಳುತ್ತಿದ್ದೇನೆ. ಆವತ್ತಿನಿಂದ ನಾನು ಅವನ ಕಡೆ.

ಎರಡನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ರಾಜರ ಚರಿತ್ರೆ ಕೇಳಿದರೆ ಬಾಯಿಗೆ ಬರುವುದಿಲ್ಲ. ಹಗ್ಗದವರ ಚರಿತ್ರೆ ಕೇಳಿ, ನಿದ್ದೆಗಣ್ಣಿನಲ್ಲಿ ಹೇಳುತ್ತೇನೆ. ಸುಮ ಓದಿ ಹೇಳಿದ್ದು, ನಾನು ಬಿಡದೆ ಹಿಡಿದಿಟ್ಟುಕೊಂಡದ್ದು. ಕಾರ್ಖಾನೆಯ ಹಿಂದಿನ ಕೊಚ್ಚೆ ಬಯಲಲ್ಲಿ ಆಟ ಶುರು ಮಾಡಿದರಂತೆ. ಗೋಲಿಗೆ ಬಲೆ ಕೊಳ್ಳುವ ಗತಿಯಿಲ್ಲದೆ ಹಳೇ ಹಗ್ಗದಲ್ಲಿ ತಾವೇ ಹೆಣೆದರಂತೆ. ಆಮೇಲೆ ಸಂಬಳ ಕೊಟ್ಟು ಆಡಿಸುವ ದೊಡ್ಡ ಕ್ಲಬ್ಬಾಯಿತು. ಕಾರ್ಖಾನೆ ಮುಚ್ಚಿತು, ಕ್ಲಬ್ಬು ಮುಚ್ಚಲಿಲ್ಲ. ಸಾಧನೆ ಏನು ಅಂದಿರಾ? ಒಂದು ಕಪ್. ಅದನ್ನೂ ಗೆದ್ದ ದಿನವೇ ಮೆರವಣಿಗೆಯಲ್ಲಿ ಗಾಡಿಯಿಂದ ಬೀಳಿಸಿ ನೆಗ್ಗಿಸಿದರು. ಇವತ್ತಿಗೂ ಆ ನೆಗ್ಗನ್ನು ತೆಗೆಸಿಲ್ಲ, ಹಾಗೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ. ನನ್ನ ತವರಿನ ಹಿತ್ತಾಳೆ ಬಿಂದಿಗೆಯೂ ನೆಗ್ಗಿದೆ. ಅದನ್ನು ಅಂಗಡಿಗೆ ಹಾಕಿ ಸ್ಟೀಲಿನದು ತರೋಣ ಅಂತ ಸೊಸೆ ರಾಗ ಎಳೆದಾಗಲೆಲ್ಲ ನಾನು ಆ ಕಪ್ಪಿನ ಕಥೆ ಶುರು ಮಾಡುತ್ತೇನೆ. ಅವಳು ಎದ್ದು ಹೋಗುತ್ತಾಳೆ. ಬಿಂದಿಗೆ ಉಳಿದಿದೆ.

ಆ ದೇಶದಲ್ಲಿ ಒಂದು ಪದ್ಧತಿಯಿದೆ. ವರ್ಷದ ಕೊನೆಗೆ ಎಲ್ಲರಿಗಿಂತ ಹಿಂದೆ ಉಳಿದವರನ್ನು ಕೆಳಗಿನ ಮೆಟ್ಟಿಲಿಗೆ ತಳ್ಳುತ್ತಾರೆ. ಅಲ್ಲಿ ಗೆದ್ದರೆ ಮತ್ತೆ ಮೇಲಕ್ಕೆ. ನಮ್ಮ ಕಡೆ ಈ ಪದ್ಧತಿ ತಂದರೆ ಪಂಚಾಯ್ತಿಯ ಎಷ್ಟು ಮೆಂಬರುಗಳು ಮೇಲುಳಿಯುತ್ತಾರೆ ಅಂತ ಯೋಚಿಸಿದ್ದೇನೆ, ಹೆಸರು ಹೇಳುವುದಿಲ್ಲ. ಹಗ್ಗದವರು ಹೀಗೆ ಎಷ್ಟೋ ಸಲ ಬಿದ್ದಿದ್ದಾರೆ, ಬಿದ್ದಷ್ಟು ಸಲವೂ ಎದ್ದಿದ್ದಾರೆ. ನನಗೇನೂ ಇದು ಹೊಸದಾಗಿ ಕಾಣಲಿಲ್ಲ. ರೇಷ್ಮೆ ಹುಳು ಪೊರೆ ಬಿಡುವಾಗ ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಅಲ್ಲಾಡದೆ ಬಿದ್ದಿರುತ್ತದೆ. ನಾವು ಅದನ್ನು ಜ್ವರ ಅನ್ನುತ್ತೇವೆ. ತಿಳಿಯದವರು ಸತ್ತಿದೆ ಅಂದುಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಸೊಸೆ ಒಂದು ತಟ್ಟೆ ಹುಳುವನ್ನು ಹೀಗೇ ತಿಪ್ಪೆಗೆ ಸುರಿಯಲು ಹೊರಟಿದ್ದಳು. ಅವಳ ತವರಿನಲ್ಲಿ ಕುರಿ ಸಾಕುತ್ತಾರೆ, ಹುಳುವಿನ ಸಮಾಚಾರ ಅವಳಿಗೇನು ಗೊತ್ತು.

ಈ ಸಲ ಹಗ್ಗದವರು ಮತ್ತೆ ಅಂಚಿಗೆ ಬಂದು ನಿಂತರು. ಕೊನೆಯ ಆಟ ಗೆದ್ದರೆ ಉಳಿವು, ಇಲ್ಲದಿದ್ದರೆ ಕೆಳಗೆ. ನಾನು ಸುಮಳನ್ನು ಕರೆದುಕೊಂಡು ಕಬ್ಬಾಳಿಗೆ ಹೋದೆ. ಹಗ್ಗದವರನ್ನು ಮೇಲಿಡು ತಾಯಿ, ಮನೆಯಲ್ಲಿರುವ ಟಗರು ನಿನ್ನದು ಅಂತ ಕಬ್ಬಾಳಮ್ಮನಿಗೆ ಹರಕೆ ಹೊತ್ತೆ. ಪೂಜಾರಪ್ಪ ಯಾರ ಹೆಸರಿಗೆ ಅಂತ ಕೇಳಿದರು. ಒಂದು ಕ್ಲಬ್ಬಿಗೆ ಅಂದೆ. ಹಾಲಿನ ಡೈರಿಯದೋ ಅಂದರು. ಫುಟ್‌ಬಾಲಿನದು ಅಂದೆ. ಅವರು ಅರ್ಚನೆ ತಟ್ಟೆ ಎತ್ತಿಕೊಂಡು, "ನಕ್ಷತ್ರ ಯಾವ್ದವ್ವ?" ಅಂದರು. ಸುಮ ಮೊಬೈಲು ತಿಕ್ಕಿ ಕ್ಲಬ್ಬು ಹುಟ್ಟಿದ ದಿನ ಹೇಳಿದಳು. ಮುಂಗಾರಿನ ಕಾಲ ಅಂತ ಬೆರಳು ಮಡಿಸಿ ಲೆಕ್ಕ ಹಾಕಿ, ಆರಿದ್ರಾ ಅಂದುಕೊಳ್ಳೋಣ ಅಂದರು. ಅರ್ಚನೆಯಾಯಿತು. ಅಮ್ಮನ ಬಲಗಡೆಯಿಂದ ಹೂವು ಬಿತ್ತು. ಇದಕ್ಕಿಂತ ಇನ್ನೇನು ಅಪ್ಪಣೆ ಬೇಕು?

ಮನೆಯಲ್ಲಿ ವಿಷಯ ತಿಳಿದು ನಾಗರಾಜ ಹಾರಾಡಿದ. ಆ ಟಗರನ್ನು ಅವನು ಬೀಗರೂಟಕ್ಕೆ ಅಂತ ಲೆಕ್ಕದಲ್ಲಿಟ್ಟಿದ್ದ. ಹಿರಿಮಗಳನ್ನು ಕೂಟಗಲ್ಲಿಗೆ ಕೊಟ್ಟು ಮದುವೆ ಮುಗಿಸಿದ್ದೆವು, ಮುಂದಿನ ಭಾನುವಾರ ಬೀಗರೆಲ್ಲ ಊಟಕ್ಕೆ ಬರುವವರಿದ್ದರು.

"ಅವ್ವಾ, ನಂಗೆ ಟೈಫಾಯ್ಡ್ ಬಂದಾಗ ನೀನ್ ಒಂದ್ ತೆಂಗಿನಕಾಯ್ ಹರಕೆ ಹೊತ್ಕಂಡೆ. ಯಾರೋ ಕಂಡೋರ್ ಕ್ಲಬ್ಬಿಗೆ ಟಗರಾ?"

"ನಿಂಗೆ ಡಾಕ್ಟ್ರಿದ್ರು ಕಣ್ಲಾ," ಅಂದೆ. "ಅವ್ರಿಗ್ಯಾರವ್ರೆ?"

ಸೊಸೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಗುವುದಕ್ಕೋ ಅಳುವುದಕ್ಕೋ ನಾನು ವಿಚಾರಿಸಲಿಲ್ಲ. ನಾಗರಾಜ ಕೊನೆಗೆ ತಾನೇ ಒಂದು ತೀರ್ಮಾನ ಮಾಡಿದ. ಕ್ಲಬ್ಬು ಉಳಿದರೆ ಟಗರು ಅಮ್ಮನಿಗೆ, ಬಿದ್ದರೆ ಬೀಗರಿಗೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಗಂಡಸರು ಇದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ.

ಆಟದ ಸಂಜೆ ನಾಗರಾಜನೂ ಬಂದು ಟೀವಿ ಮುಂದೆ ಕೂತ. ಹುಟ್ಟಿದಾಗಿನಿಂದ ಫುಟ್‌ಬಾಲ್ ನೋಡದವನು ಎದುರಾಳಿಗಳನ್ನು ಗಂಟಲು ಹರಿಯುವ ಹಾಗೆ ಹುರಿದುಂಬಿಸಿದ. ಹಗ್ಗದವರು ಒಂದು ಗೋಲು ಹಾಕಿದರು, ಅವರೊಂದು ಹಾಕಿದರು. ಮುಗಿಯುವ ಹೊತ್ತಿಗೆ ನಮ್ಮವನೇ ಒಬ್ಬ ಚೆಂಡು ತಡೆಯಲು ಹೋಗಿ ನಮ್ಮ ಬಲೆಗೇ ಒದ್ದ. ಬೋಳುತಲೆಯವನು ಈ ಸಲ ಬೈಯಲಿಲ್ಲ. ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ. ಅದನ್ನು ನೋಡಿ ನನಗೆ ಸಿಟ್ಟು ಬಂತು. ಬೈಯಬೇಕಿತ್ತು.

ನಾಗರಾಜ ಎದ್ದು ಪಂಚೆ ಕೊಡವಿ, "ಆಯ್ತಲ್ಲವ್ವ, ನಾಳೆ ಮಟನ್ನೋನ್ಗೆ ಹೇಳ್ಬುಡ್ತೀನಿ," ಅಂದ.

"ಏನಂತ ಹೇಳೀಯೆ?"

"ಹರಕೆ ಸುಳ್ಳಾಯ್ತಲ್ಲ."

"ಯಾರ್ಲಾ ಸುಳ್ಳಂದೋರು? ಮೇಲಿಡು ತಾಯಿ ಅಂತ ಬೇಡ್ಕಂಡಿವ್ನಿ. ಈ ವರ್ಸಾನೇ ಇಡು ಅಂತ ಅಂದಿಲ್ಲ. ಅಮ್ಮ ಹೂ ಕೊಟ್ಟವ್ಳೆ. ಕ್ಲಬ್ಬಿಗೆ ಈಗ ಜ್ವರ ಬಂದೈತೆ, ಎದ್ದೇಳ್ತದೆ. ಅಲ್ಲೀಗಂಟ ಟಗರು ಅಮ್ಮುಂದು. ಧೈರ್ಯ ಇದ್ರೆ ಮುಟ್ಟು."

ದೇವರಿಗೆ ಬಿಟ್ಟ ಪ್ರಾಣಿಯ ಮೇಲೆ ಕೈ ಹಾಕುವ ಗಂಡು ನಮ್ಮ ಸುತ್ತಮುತ್ತ ಇನ್ನೂ ಹುಟ್ಟಿಲ್ಲ. ಬೀಗರಿಗೆ ನಾಟಿಕೋಳಿ ಸಾರಾಯಿತು. ಹಟ್ಟಿಯಲ್ಲಿ ನಿಂತಿದ್ದ ಟಗರನ್ನು ನೋಡಿದ ಬೀಗರು ಸಾರನ್ನು ನೋಡಿದರು, ಆಮೇಲೆ ನಾಗರಾಜನನ್ನು ನೋಡಿದರು. ನಾನೇ ಎದುರು ಕೂತು ಹಗ್ಗದವರ ಚರಿತ್ರೆಯನ್ನು ಕೊಚ್ಚೆ ಬಯಲಿನಿಂದ ಶುರು ಮಾಡಿ ಹೇಳಿದೆ. ಕಪ್ಪಿನ ತನಕ ಬರುವಷ್ಟರಲ್ಲಿ ಅವರು ಬಸ್ಸಿಗೆ ಹೊತ್ತಾಯಿತು ಅಂದರು.

ಗೆದ್ದೆ ಅಂತ ನೀವು ಅಂದುಕೊಳ್ಳಬಹುದು. ಆದರೆ ಸುಮ ಒಂದು ವಿಷಯವನ್ನು ತಡವಾಗಿ ಹೇಳಿದಳು. ಹಿಂದೊಮ್ಮೆ ಹೀಗೇ ಬಿದ್ದ ಹಗ್ಗದವರು ಮೇಲೆ ಬರುವಷ್ಟರಲ್ಲಿ ಬಿದ್ದಾಗ ಆಡಿದವರ ಮಕ್ಕಳು ಆಟಕ್ಕೆ ಬಂದಿದ್ದರಂತೆ. ಟಗರಿಗೆ ಅಷ್ಟು ಆಯಸ್ಸಿಲ್ಲ. ನನಗೂ ಇರಲಿಕ್ಕಿಲ್ಲ. ನಾನು ಹೋದರೆ ಹರಕೆ ನಿನ್ನದು ಕಣೆ ಅಂದೆ. ಅವಳು ಮೊಬೈಲಿನಿಂದ ತಲೆಯೆತ್ತದೆ, ತಾನು ಈಗ ಬೇರೆ ಕ್ಲಬ್ಬಿನ ಕಡೆ, ಅವರು ಚೆನ್ನಾಗಿ ಗೆಲ್ಲುತ್ತಾರೆ ಅಂದಳು.

ಈಗ ಕೆಳಗಿನ ಮೆಟ್ಟಿಲಿನ ಆಟವನ್ನು ನಾನೊಬ್ಬಳೇ ನೋಡುತ್ತೇನೆ. ಟಗರು ತಿಂದು ತಿಂದು ಎತ್ತಿನಷ್ಟಾಗಿದೆ, ಕಟ್ಟಿದರೂ ಗೊಂತಿನಲ್ಲಿ ನಿಲ್ಲುವುದಿಲ್ಲ. ಮೊನ್ನೆ ಸೊಪ್ಪು ಹಾಕಲು ಬಗ್ಗಿದಾಗ ಹಿಂದಿನಿಂದ ಬಂದು ಗುದ್ದಿ ನನ್ನನ್ನು ಬೀಳಿಸಿತು. ನಾಗರಾಜ ಬಂದು ಎತ್ತಿ ಕೂರಿಸಿದ, ಎಣ್ಣೆ ಶೀಸೆ ತಂದು ಪಕ್ಕದಲ್ಲಿಟ್ಟ. ದೇವರ ಪ್ರಾಣಿ, ಬೈಯುವ ಹಾಗೂ ಇಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಆಟ ಹಾಕು ಅಂತ ಅವನಿಗೇ ಅಂದೆ. ಹಗ್ಗದವರು ಆವತ್ತೂ ಸೋತರು.